ಮನೆ ಟ್ಯಾಂಕಲ್ಲಿ ಕಲ್ಲು ಹವಳ: ಎಲ್ಲಾ ಸರಿ ಇದ್ರೂ ಅದು ಯಾಕೆ ಸೊರಗತ್ತೆ?

ಕೆಲವು ವಾರಗಳ ಹಿಂದೆ ಪರಿಚಯದವರೊಬ್ರು ಒಂದು ಫೋಟೋ ಕಳ್ಸಿದ್ರು, ಅವರ ಟ್ಯಾಂಕಲ್ಲಿರೋ ಹ್ಯಾಮರ್ ಕೋರಲ್ ಅನ್ನೋ ಕಲ್ಲು ಹವಳದ್ದು. ಅದಕ್ಕೆ ಎರಡು ತಿಂಗಳ ಮುಂಚೆ ಅಂಗೈ ಅಗಲ ಅರಳ್ಕೊಂಡು ನೀರಲ್ಲಿ ತೂಗಾಡ್ತಿದ್ದ ಜೀವ, ಆಗ ಮುದುಡ್ಕೊಂಡು ಕೂತಿತ್ತು, ಅಂಚಲ್ಲಿ ಮಾಂಸ ಹಿಂದೆ ಸರಿದು ಬಿಳಿ ಕಲ್ಲು ಕಾಣಿಸ್ತಿತ್ತು. "ನೀರು ಟೆಸ್ಟ್ ಮಾಡಿದೀನಿ, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 5, ಕ್ಯಾಲ್ಸಿಯಂ ಕೂಡ 400 ಇದೆ, ಮೀನೆಲ್ಲಾ ಆರಾಮಾಗಿವೆ, ಮತ್ತೆ ಇದಕ್ಕೆ ಮಾತ್ರ ಏನಾಯ್ತು?" ಅಂತ ಕೇಳಿದ್ರು. ಆಲ್ಕಲಿನಿಟಿ ಎಷ್ಟಿದೆ ಅಂದೆ. "ಅದನ್ನ ನೋಡೇ ಇಲ್ಲ, ಅದ್ಯಾಕೆ ಬೇಕು?" ಅಂದ್ರು.

ಮೀನು ಸಾಕಿ ಅಭ್ಯಾಸ ಇರೋರು ಹವಳಕ್ಕೆ ಕೈ ಹಾಕಿದಾಗ ಎಡವೋದು ಹೆಚ್ಚಾಗಿ ಇಲ್ಲೇ. ಮೀನಿಗೆ ನೀರು ಅಂದ್ರೆ ಇರೋ ಜಾಗ ಅಷ್ಟೇ, ಕ್ಲೀನಾಗಿದ್ರೆ ಸಾಕು. ಕಲ್ಲು ಹವಳಕ್ಕೆ ಹಂಗಲ್ಲ, ಅದು ತನ್ನ ಮೈಕಟ್ಟನ್ನೇ ನೀರಿಂದ ಕಟ್ಕೊಳತ್ತೆ, ದಿನಾ, ರಾತ್ರಿ ಹಗಲು. ಹಾಗಾಗಿ ಟ್ಯಾಂಕಿನ ನೀರು ಅದಕ್ಕೆ ಮನೇನೂ ಹೌದು, ಮನೆ ಕಟ್ಟೋ ಸಾಮಾನೂ ಹೌದು. ಈ ಒಂದು ವಿಷಯ ತಲೇಲಿ ಕೂತ್ರೆ ಮುಂದಿನದ್ದೆಲ್ಲಾ ಸುಲಭ.

ಕಲ್ಲಲ್ಲ, ಗಿಡ ಅಲ್ಲ, ಪ್ರಾಣಿ

ಹವಳ ಪ್ರಾಣಿ. ಜೆಲ್ಲಿಫಿಶ್, ಸೀ ಅನಿಮೋನ್ ಇವುಗಳ ಹತ್ತಿರದ ಸಂಬಂಧಿ. ಅದರ ಒಂದೊಂದು ಘಟಕಕ್ಕೆ ಪಾಲಿಪ್ ಅಂತಾರೆ. ಒಂದು ಚಿಕ್ಕ ಚೀಲ ಅನ್ಕೊಳ್ಳಿ, ಮೇಲೊಂದು ಬಾಯಿ, ಬಾಯಿ ಸುತ್ತ ಕುಟುಕೋ ಎಳೆಗಳು. ತಿನ್ನೋದೂ ಅದೇ ಬಾಯಲ್ಲಿ, ಕಸ ಹೊರಗೆ ಹಾಕೋದೂ ಅದೇ ಬಾಯಲ್ಲಿ. ಹೃದಯ ಇಲ್ಲ, ಕಿವಿರು ಇಲ್ಲ, ಮೆದುಳೂ ಇಲ್ಲ. ಈ ಪಾಲಿಪ್ ತನ್ನ ಕೆಳಗೆ ಗಟ್ಟಿ ಬಟ್ಟಲೊಂದನ್ನ ಕಟ್ಕೊಂಡು ಅದರ ಮೇಲೆ ಕೂರತ್ತೆ, ಆ ಬಟ್ಟಲು ಕ್ಯಾಲ್ಸಿಯಂ ಕಾರ್ಬೊನೇಟ್‌ದು, ಅಂದ್ರೆ ಸುಣ್ಣದಕಲ್ಲಿನ ಜಾತೀದೇ, ಅರಗೊನೈಟ್ ಅನ್ನೋ ರೂಪದಲ್ಲಿ. ಹಿಂಗೆ ಕಟ್ಟೋದ್ರಿಂದ್ಲೇ ಕಲ್ಲು ಹವಳ ಅನ್ನೋ ಹೆಸರು. ಮೆದು ಹವಳಗಳು ಈ ಥರ ಗಟ್ಟಿ ಅಸ್ಥಿಪಂಜರ ಕಟ್ಟಲ್ಲ, ಅದಕ್ಕೇ ಅವು ಸಾಕೋಕೆ ಸ್ವಲ್ಪ ಸಲೀಸು.

ಹವ್ಯಾಸಿಗಳು ಕಲ್ಲು ಹವಳಗಳನ್ನ ಎರಡು ಗುಂಪು ಮಾಡ್ತಾರೆ. ದೊಡ್ಡ ಪಾಲಿಪ್ ಇರೋವು ಎಲ್‌ಪಿಎಸ್, ಅಂದ್ರೆ ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್, ಡಂಕನ್ ಥರದ್ದು, ಮಾಂಸ ತುಂಬ್ಕೊಂಡಿರ್ತವೆ, ಸ್ವಲ್ಪ ಏರುಪೇರು ತಡ್ಕೋತವೆ. ಸಣ್ಣ ಪಾಲಿಪ್ ಇರೋವು ಎಸ್‌ಪಿಎಸ್, ಅಂದ್ರೆ ಅಕ್ರೊಪೊರ, ಮಾಂಟಿಪೊರ ಥರದ್ದು, ಕೊಂಬೆ ಅಥವಾ ತಟ್ಟೆ ಥರ ಬೆಳೀತವೆ, ಅದ್ರಲ್ಲೂ ಅಕ್ರೊಪೊರ ಏರುಪೇರನ್ನ ಸಹಿಸಲ್ಲ. ಇದೇನು ವಿಜ್ಞಾನದ ವರ್ಗೀಕರಣ ಅಲ್ಲ, ಸಾಕೋರ ಅನುಕೂಲಕ್ಕೆ ಮಾಡ್ಕೊಂಡಿರೋ ವಿಂಗಡಣೆ. ಮೊದಲ ಸಲ ಅಂದ್ರೆ ಎಲ್‌ಪಿಎಸ್‌ನಿಂದ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಒಳಗಿರೋ ಬಾಡಿಗೆದಾರರು

ಹವಳದ ಮಾಂಸದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಜೀವಕೋಶಗಳು ವಾಸ ಮಾಡ್ತವೆ, ಝೂಕ್ಸಾಂಥೆಲ್ಲೆ ಅಂತ ಹೆಸರು. ಒಂದು ಚದರ ಸೆಂಟಿಮೀಟರ್ ಜಾಗದಲ್ಲೇ ಹತ್ತು ಲಕ್ಷದ ಆಸುಪಾಸು ಇರ್ತವೆ. ಬೆಳಕು ಬಿದ್ದಾಗ ಇವು ಸಕ್ಕರೆ ತಯಾರು ಮಾಡ್ತವೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಬಾಡಿಗೆ ಥರ ಕೊಡ್ತವೆ, ಬದಲಿಗೆ ಹವಳ ಇರೋಕೆ ಜಾಗ ಕೊಡತ್ತೆ, ತನ್ನ ಕಸವನ್ನ ಗೊಬ್ಬರವಾಗಿ ಕೊಡತ್ತೆ. ಎಷ್ಟೋ ಹವಳಗಳಿಗೆ ಬೇಕಾದ ಶಕ್ತೀಲಿ ಶೇಕಡಾ 90ರವರೆಗೂ ಈ ಬಾಡಿಗೆಯಿಂದ್ಲೇ ಬರತ್ತೆ.

ಆದ್ರೆ ಈ ಒಪ್ಪಂದ ನಾಜೂಕು. ನೀರು ಜಾಸ್ತಿ ಬಿಸಿ ಆದ್ರೆ, ಇಲ್ಲಾ ಬೆಳಕು ದಿಢೀರ್ ಹೆಚ್ಚಾದ್ರೆ ಆ ಪಾಚಿ ಒಳಗೇ ವಿಷದಂಥ ಆಮ್ಲಜನಕದ ಕಣಗಳನ್ನ ಬಿಡೋಕೆ ಶುರು ಮಾಡತ್ತೆ, ಆಗ ಹವಳ ಅದನ್ನ ಹೊರಗೆ ಹಾಕತ್ತೆ. ಬಣ್ಣದ ಬಹುಪಾಲು ಪಾಚಿಯದ್ದೇ ಆಗಿರೋದ್ರಿಂದ ಪಾರದರ್ಶಕ ಮಾಂಸದ ಕೆಳಗಿನ ಬಿಳಿ ಕಲ್ಲು ಕಾಣ್ಸತ್ತೆ. ಇದನ್ನೇ ಬ್ಲೀಚಿಂಗ್ ಅನ್ನೋದು. ಸಮುದ್ರದಲ್ಲಿ ಬೇಸಿಗೆಯ ಗರಿಷ್ಠಕ್ಕಿಂತ ಬರೀ 1 ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತ್ರೆ ಸಾಕು, ಇದು ಶುರುವಾಗತ್ತೆ. 2024ರ ಏಪ್ರಿಲ್‌ನಲ್ಲಿ ಸಮುದ್ರ, ಹವಾಮಾನದ ಮೇಲೆ ಕಣ್ಣಿಡೋ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಜಗತ್ತಿನ ನಾಲ್ಕನೇ ಜಾಗತಿಕ ಬ್ಲೀಚಿಂಗ್ ನಡೀತಿದೆ ಅಂತ ಘೋಷಣೆ ಮಾಡ್ತಲ್ಲ, ಅಲ್ಲಿ ಆಗಿದ್ದು ಇದೇ, ಸಾವಿರಾರು ಕಿಲೋಮೀಟರ್ ಉದ್ದಕ್ಕೆ. ಬ್ಲೀಚ್ ಆದ ಹವಳ ಸತ್ತಿದೆ ಅಂತಲ್ಲ, ಉಪವಾಸ ಬಿದ್ದಿದೆ ಅಂತ ಅರ್ಥ. ಬೇಗ ಸರಿ ಹೋದ್ರೆ ಪಾಚಿ ವಾಪಸ್ ಬರಬಹುದು.

ಮನೆ ಟ್ಯಾಂಕಿಗೆ ಇದರ ಪಾಠ ನೇರವಾಗಿದೆ: 25–26 ಡಿಗ್ರಿ ಸೆಲ್ಸಿಯಸ್ ಹತ್ರ ಇಟ್ಟು, ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಆಡದ ಹಾಗೆ ನೋಡ್ಕೊಳ್ಳಿ. ಹೀಟರ್ ಒಂದೇ ಅಲ್ಲ, ಸೆಖೆಗಾಲಕ್ಕೆ ಫ್ಯಾನ್ ಇಲ್ಲಾ ಚಿಲ್ಲರ್ ಬಗ್ಗೆನೂ ಮೊದಲೇ ಯೋಚ್ನೆ ಮಾಡಿರಬೇಕು.

ಉಪ್ಪಿನ ಲೆಕ್ಕ

ಸಮುದ್ರದ ನೀರಲ್ಲಿ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ. ಟ್ಯಾಂಕಲ್ಲೂ ಅಷ್ಟೇ ಇರಬೇಕು, ನಳದ ನೀರಿಗೆ ಬದಲು ಆರ್‌ಓ ಡಿಐ ನೀರಲ್ಲಿ, ಅಂದ್ರೆ ಫಿಲ್ಟರ್‌ನಲ್ಲಿ ಸೋಸಿ ಲವಣ ಎಲ್ಲಾ ತೆಗೆದ ಶುದ್ಧ ನೀರಲ್ಲಿ, ರೀಫ್ ಸಾಲ್ಟ್ ಅನ್ನೋ ಹವಳದ ಟ್ಯಾಂಕಿನ ಉಪ್ಪು ಕರಗಿಸಿ ಮಾಡ್ಬೇಕು, ಯಾಕಂದ್ರೆ ನಳದ ನೀರಲ್ಲಿ ಫಾಸ್ಫೇಟ್, ಕ್ಲೋರಿನ್, ಒಮ್ಮೊಮ್ಮೆ ತಾಮ್ರ ಎಲ್ಲಾ ಇರತ್ತೆ. ತಾಮ್ರ ಅಂತೂ ಹವಳಕ್ಕೆ ವಿಷ, ಮೀನಿಗೆ ಕಾಯಿಲೆ ಬಂತು ಅಂತ ತಾಮ್ರದ ಔಷಧಿ ಹವಳ ಇರೋ ಟ್ಯಾಂಕಿಗೆ ಯಾವತ್ತೂ ಹಾಕ್ಬೇಡಿ.

ಹೊಸಬರಿಗೆ ಗೊಂದಲ ಆಗೋ ಒಂದು ಸಂಗತಿ ಇದೆ. ನೀರು ಆವಿ ಆಗತ್ತೆ, ಉಪ್ಪು ಆವಿ ಆಗಲ್ಲ. 100 ಲೀಟರ್ ಟ್ಯಾಂಕಿಂದ ದಿನಕ್ಕೆ 3 ಲೀಟರ್ ಹೋಯ್ತು ಅನ್ಕೊಳ್ಳಿ, ಒಂದೇ ದಿನಕ್ಕೆ 35 ಇದ್ದಿದ್ದು 36 ದಾಟತ್ತೆ, ಎರಡು ದಿನಕ್ಕೆ 37 ದಾಟತ್ತೆ. ಆದ್ದರಿಂದ ಕಡಿಮೆ ಆದ ನೀರಿನ ಜಾಗಕ್ಕೆ ತುಂಬ್ಬೇಕಾಗಿರೋದು ಉಪ್ಪುನೀರಲ್ಲ, ಶುದ್ಧ ಆರ್‌ಓ ನೀರು. ಇದನ್ನ ತಾನಾಗೇ ಮಾಡೋ ಆಟೋ ಟಾಪ್ ಆಫ್ ಅನ್ನೋ ಸಣ್ಣ ಪಂಪ್ ಸಿಗತ್ತೆ, ಹವಳದ ಟ್ಯಾಂಕಿಗೆ ಮೊದಲು ತಗೋಬೇಕಾದ ವಸ್ತುಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ. ಲವಣಾಂಶ ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ಇಟ್ಕೊಂಡಿದ್ರೆ, ಅದನ್ನ 35ರ ಕ್ಯಾಲಿಬ್ರೇಷನ್ ದ್ರಾವಣದಿಂದ ಆಗಾಗ ಸರಿ ಮಾಡ್ಕೊಳ್ಳಿ.

ಆಲ್ಕಲಿನಿಟಿ ಅಂದ್ರೆ ಏನು, ಅದಕ್ಕೇ ಯಾಕಿಷ್ಟು ಮಹತ್ವ

ಈಗ ಮುಖ್ಯ ವಿಷಯಕ್ಕೆ ಬರೋಣ. ಗೋಡೆ ಕಟ್ಟೋಕೆ ಇಟ್ಟಿಗೆ ಬೇಕು, ಸಿಮೆಂಟ್ ಬೇಕು. ಹವಳದ ಗೋಡೆಗೆ ಇಟ್ಟಿಗೆ ಕ್ಯಾಲ್ಸಿಯಂ, ಸಿಮೆಂಟ್ ಅಂದ್ರೆ ನೀರಲ್ಲಿ ಕರಗಿರೋ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್. ನೀರಿಗೆ ಆಮ್ಲವನ್ನ ಅರಗಿಸ್ಕೊಳ್ಳೋ ಶಕ್ತಿ ಎಷ್ಟಿದೆ ಅನ್ನೋದನ್ನ ಆಲ್ಕಲಿನಿಟಿ ಅಂತ ಅಳೀತಾರೆ, ಆ ಶಕ್ತಿ ಬಹುಪಾಲು ಈ ಬೈಕಾರ್ಬೊನೇಟ್‌ದೇ ಆಗಿರೋದ್ರಿಂದ ಆಲ್ಕಲಿನಿಟಿ ನೋಡಿದ್ರೆ ಸಿಮೆಂಟ್ ಎಷ್ಟು ಉಳಿದಿದೆ ಅಂತ ಗೊತ್ತಾಗತ್ತೆ. ಪಿಹೆಚ್ ಬೇರೆ, ಆಲ್ಕಲಿನಿಟಿ ಬೇರೆ, ಹೆಸರು ಕೇಳಿ ಎರಡೂ ಒಂದೇ ಅನ್ಕೋಬೇಡಿ. ಇದನ್ನ ಅಳೆಯೋ ಮಾನಕ್ಕೆ ಡಿಕೆಹೆಚ್ ಅಂತಾರೆ, ಸಮುದ್ರದಲ್ಲಿ ಸುಮಾರು 7 ಇರತ್ತೆ, ಮನೆ ಟ್ಯಾಂಕಲ್ಲಿ 7ರಿಂದ 9ರ ಮಧ್ಯೆ ಒಂದು ಸಂಖ್ಯೆ ಹಿಡ್ಕೊಂಡು ಅಲ್ಲೇ ನಿಲ್ಲಿಸ್ತಾರೆ.

ಸಮಸ್ಯೆ ಏನಂದ್ರೆ ಸಮುದ್ರದ ನೀರಲ್ಲಿ ಇಟ್ಟಿಗೆ ರಾಶಿ ರಾಶಿ ಇದೆ, ಸಿಮೆಂಟ್ ಸ್ವಲ್ಪಾನೇ ಇರೋದು. ಅದರಲ್ಲಿರೋ ಸಿಮೆಂಟಿಂದ ಎಷ್ಟು ಗೋಡೆ ಕಟ್ಟಬಹುದೋ ಅದರ ಎಂಟು ಪಟ್ಟು ಗೋಡೆಗೆ ಸಾಲೋಷ್ಟು ಇಟ್ಟಿಗೆ ಇದೆ. ಹವಳ ಕಲ್ಲು ಕಟ್ಟುವಾಗ 2.8 ಡಿಕೆಹೆಚ್ ಖರ್ಚಾದ್ರೆ ಜೊತೆಗೆ ಕ್ಯಾಲ್ಸಿಯಂ ಖರ್ಚಾಗೋದು 20 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 20 ಭಾಗ) ಮಾತ್ರ, ಈ ಅನುಪಾತ ಬದಲಾಗಲ್ಲ. ಈಗ ನನ್ನ ಪರಿಚಯದವರ ಟ್ಯಾಂಕನ್ನೇ ನೋಡಿ. ಹೊಸ ಉಪ್ಪುನೀರು ಮಾಡಿದಾಗ ಕ್ಯಾಲ್ಸಿಯಂ 420, ಆಲ್ಕಲಿನಿಟಿ 8.3 ಇತ್ತು. ಆಮೇಲೆ ಹವಳ ಬೆಳೀತಾ, ಕಲ್ಲುಗಳ ಮೇಲೆ ಹರಡೋ ನೇರಳೆ ಬಣ್ಣದ ಕೋರಲೈನ್ ಪಾಚಿನೂ ತನ್ನ ಪಾಲು ತಗೋತಾ ಹೋಯ್ತು. ಕ್ಯಾಲ್ಸಿಯಂ 420ರಿಂದ 400ಕ್ಕೆ ಬಂತು, ಟೆಸ್ಟ್ ಕಿಟ್‌ನಲ್ಲಿ ನೋಡಿದ್ರೆ "ಚೆನ್ನಾಗಿದೆ" ಅನ್ನೋ ಸಂಖ್ಯೆ, ಯಾರಿಗೂ ಅನುಮಾನ ಬರಲ್ಲ. ಆದ್ರೆ ಅದೇ ಹೊತ್ತಿಗೆ ಆಲ್ಕಲಿನಿಟಿ 8.3ರಿಂದ 5.5ಕ್ಕೆ ಇಳಿದಿತ್ತು, ಅಂದ್ರೆ ಮೂರರಲ್ಲಿ ಒಂದು ಪಾಲು ಖಾಲಿ. ಕ್ಯಾಲ್ಸಿಯಂ ಒಂದನ್ನೇ ನೋಡ್ತಾ ಕೂತ್ರೆ ಇದು ಕಾಣೋದೇ ಇಲ್ಲ. ಅದಕ್ಕೇ ಹವಳ ಸಾಕೋರು ಒಂದೇ ಒಂದು ಟೆಸ್ಟ್ ಮಾಡೋಕೆ ಪುರುಸೊತ್ತಿದ್ರೆ ಆಲ್ಕ್, ಅಂದ್ರೆ ಆಲ್ಕಲಿನಿಟಿ ಟೆಸ್ಟ್ ಮಾಡೋದು.

ಜೊತೆಗೆ ಮೆಗ್ನೀಷಿಯಂ ಅಂತ ಇನ್ನೊಂದಿದೆ, 1250ರಿಂದ 1350 ಪಿಪಿಎಂ ಇರಬೇಕು. ಕ್ಯಾಲ್ಸಿಯಂ ಮತ್ತೆ ಕಾರ್ಬೊನೇಟ್ ನೀರಲ್ಲೇ ಒಂದನ್ನೊಂದು ಹಿಡ್ಕೊಂಡು ಪುಡಿಯಾಗಿ ಕೆಳಗೆ ಬೀಳೋಕೆ ಕಾಯ್ತಿರ್ತವೆ, ಮೆಗ್ನೀಷಿಯಂ ಮಧ್ಯೆ ನಿಂತು ತಡೆಯತ್ತೆ. ಅದು ತೀರಾ ಕಡಿಮೆ ಆದ್ರೆ ನೀವು ಎಷ್ಟು ಕ್ಯಾಲ್ಸಿಯಂ, ಎಷ್ಟು ಆಲ್ಕ್ ಹಾಕಿದ್ರೂ ಏರಲ್ಲ, ಹೀಟರ್ ಮೇಲೆ ಪಂಪ್ ಮೇಲೆ ಬಿಳಿ ಪದರ ಆಗಿ ಕೂರತ್ತೆ. ತಿಂಗಳಿಗೊಮ್ಮೆ ನೋಡಿದ್ರೆ ಸಾಕು, ಇದು ನಿಧಾನಕ್ಕೆ ಇಳಿಯೋದು.

ಖರ್ಚಾಗಿದ್ದನ್ನ ತುಂಬೋದು ಹೇಗೆ

ಮೊದಲು ದಿನಕ್ಕೆ ಎಷ್ಟು ಖರ್ಚಾಗತ್ತೆ ಅಂತ ತಿಳ್ಕೋಬೇಕು. ಮೂರು ನಾಲ್ಕು ದಿನ ಏನೂ ಹಾಕದೆ, ದಿನಾ ಒಂದೇ ಹೊತ್ತಿಗೆ ಆಲ್ಕ್ ಟೆಸ್ಟ್ ಮಾಡಿ ಬರೆದಿಡಿ. ಹವಳ ಬೆಳಕಿದ್ದಾಗ ಜಾಸ್ತಿ ಕಟ್ಟತ್ತೆ, ಹಾಗಾಗಿ ಒಂದಿನ ಬೆಳಿಗ್ಗೆ ಒಂದಿನ ರಾತ್ರಿ ಅಳೆದ್ರೆ ಲೆಕ್ಕ ತಪ್ಪತ್ತೆ. ನಾಲ್ಕು ದಿನಕ್ಕೆ 8.4 ಇದ್ದಿದ್ದು 7.6 ಆಯ್ತು ಅಂದ್ರೆ ದಿನಕ್ಕೆ 0.2 ಖರ್ಚು.

ಒಂದೆರಡು ಎಲ್‌ಪಿಎಸ್ ಇರೋ ಟ್ಯಾಂಕಾದ್ರೆ ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಾಯಿಸ್ತಿದ್ರೆ ಎಷ್ಟೋ ಸಲ ಅದೇ ಸಾಕಾಗತ್ತೆ, ಹೊಸ ಉಪ್ಪುನೀರಲ್ಲೇ ಎಲ್ಲಾ ಬರತ್ತೆ. ಹವಳ ಹೆಚ್ಚಾದ ಹಾಗೆ ಅದು ಸಾಲಲ್ಲ, ಆಗ ಡೋಸಿಂಗ್ ಬೇಕು. ಸಾಮಾನ್ಯ ವಿಧಾನ ಟೂ ಪಾರ್ಟ್, ಅಂದ್ರೆ ಒಂದು ಬಾಟಲಲ್ಲಿ ಆಲ್ಕ್, ಇನ್ನೊಂದ್ರಲ್ಲಿ ಕ್ಯಾಲ್ಸಿಯಂ, ಎರಡನ್ನೂ ದಿನಾ ಸ್ವಲ್ಪ ಸ್ವಲ್ಪ, ಆದ್ರೆ ಒಟ್ಟಿಗೆ ಒಂದೇ ಜಾಗಕ್ಕೆ ಸುರೀಬಾರ್ದು, ಸುರಿದ್ರೆ ಕಣ್ಣೆದುರೇ ನೀರು ಹಾಲಿನ ಥರ ಬೆಳ್ಳಗಾಗಿ ಎರಡೂ ವ್ಯರ್ಥ. ಇನ್ನೊಂದು ಹಳೇ ವಿಧಾನ ಕಾಲ್ಕ್‌ವಾಸರ್, ಅಂದ್ರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿದ ತಿಳಿ ಸುಣ್ಣದ ನೀರು, ಆವಿಯಾದ ನೀರಿನ ಬದಲು ಹನಿ ಹನಿಯಾಗಿ ಬಿಡ್ತಾರೆ. ಇದು ಪಿಹೆಚ್ಚನ್ನೂ ಏರ್ಸತ್ತೆ, ಒಂದೇ ಸಲ ಜಾಸ್ತಿ ಹೋದ್ರೆ ಅಪಾಯ. ಗೋಡೆಗೆ ಬಳಿಯೋ ಸುಣ್ಣ ಇದಕ್ಕೆ ಆಗಲ್ಲ.

ಬರೀ ಆಲ್ಕ್ ಇಳಿದಿದ್ರೆ ಶುದ್ಧ ಸೋಡಿಯಂ ಬೈಕಾರ್ಬೊನೇಟ್, ಅಂದ್ರೆ ಅಡುಗೆ ಸೋಡಾನೇ ಸಾಕು. 100 ಲೀಟರ್ ನೀರಲ್ಲಿ 1 ಡಿಕೆಹೆಚ್ ಏರಿಸೋಕೆ ಸುಮಾರು 3 ಗ್ರಾಂ ಬೇಕು, ಆರ್‌ಓ ನೀರಲ್ಲಿ ಕರಗಿಸಿ, ನೀರಿನ ಓಟ ಜೋರಿರೋ ಕಡೆ ನಿಧಾನಕ್ಕೆ ಹಾಕ್ಬೇಕು. ನಿಧಾನಕ್ಕೆ ಅನ್ನೋದನ್ನ ಒತ್ತಿ ಹೇಳ್ತೀನಿ, ದಿನಕ್ಕೆ ಅರ್ಧ ಡಿಕೆಹೆಚ್, ಹೆಚ್ಚಂದ್ರೆ ಒಂದು. ಇಳಿದಿರೋ ಆಲ್ಕ್‌ಗಿಂತ ಒಂದೇ ರಾತ್ರೀಲಿ ಏರಿಸಿದ ಆಲ್ಕ್‌ನಿಂದ ಸತ್ತ ಹವಳಗಳನ್ನ ನಾನು ಜಾಸ್ತಿ ನೋಡಿದೀನಿ, ನನ್ನದೇ ಮೊದಲ ಟಾರ್ಚ್ ಹಂಗೇ ಹೋಯ್ತು, ಆತುರಕ್ಕೆ ಮೂರು ದಿನದ ಡೋಸ್ ಒಂದೇ ಸಲ ಹಾಕಿದ್ದೆ. 7.5ರಲ್ಲಿ ಸ್ಥಿರವಾಗಿರೋ ಟ್ಯಾಂಕು, 7 ಮತ್ತೆ 10ರ ಮಧ್ಯೆ ಜೀಕಾಡೋ ಟ್ಯಾಂಕಿಗಿಂತ ಎಷ್ಟೋ ವಾಸಿ.

ಬೆಳಕು

ನಮ್ಮ ಕಣ್ಣಿಗೆ ಎಷ್ಟು ಪ್ರಕಾಶ ಕಾಣತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಪಾಚಿ ಬಳಸ್ಕೊಳ್ಳೋ ಬೆಳಕು ಎಷ್ಟು ಅನ್ನೋದು ಲೆಕ್ಕ. ಅದರ ಅಳತೆ ಪಾರ್. ಎಲ್‌ಪಿಎಸ್‌ಗೆ ಸಾಮಾನ್ಯವಾಗಿ 50ರಿಂದ 150, ಎಸ್‌ಪಿಎಸ್‌ಗೆ 200ರಿಂದ 350. ನೀರಿನ ಆಳಕ್ಕೆ ನೀಲಿ ಬೆಳಕೇ ಚೆನ್ನಾಗಿ ಇಳಿಯೋದು, ಅದಕ್ಕೇ ರೀಫ್ ಲೈಟುಗಳು ನೀಲಿಯಾಗಿರ್ತವೆ.

ಹೊಸ ಹವಳ ತಂದಾಗ ಮೊದಲು ತಳದ ಹತ್ರ, ಬೆಳಕು ಕಡಿಮೆ ಇರೋ ಕಡೆ ಇಟ್ಟು, ಎರಡು ಮೂರು ವಾರದಲ್ಲಿ ನಿಧಾನಕ್ಕೆ ಅದರ ಜಾಗಕ್ಕೆ ತನ್ನಿ. ಕತ್ತಲ ಕೋಣೆಯಿಂದ ನೇರ ಬಿಸಿಲಿಗೆ ಬಂದ್ರೆ ನಮಗೇ ಕಣ್ಣು ಬಿಡೋಕಾಗಲ್ಲ, ಅದಕ್ಕೆ ಮುಚ್ಕೊಳ್ಳೋಕೆ ರೆಪ್ಪೆನೂ ಇಲ್ಲ. ಬೆಳಕು ಜಾಸ್ತಿ ಆದ್ರೆ ಬಣ್ಣ ಪೇಲವ ಆಗತ್ತೆ, ಕಡಿಮೆ ಆದ್ರೆ ಪಾಚಿ ಹೆಚ್ಚಾಗಿ ಕಂದು ಬಣ್ಣಕ್ಕೆ ತಿರುಗತ್ತೆ.

ನೀರಿನ ಓಟ

ಒದ್ದೆ ಬಟ್ಟೆ ಗಾಳಿ ಇಲ್ಲದ ಕಡೆ ಒಣಗಲ್ಲ, ಯಾಕಂದ್ರೆ ಬಟ್ಟೆಯಿಂದ ಹೊರಟ ತೇವ ಅಲ್ಲೇ ಸುತ್ತ ನಿಂತಿರತ್ತೆ. ಹವಳದ ಸುತ್ತಾನೂ ಹಂಗೇ ನೀರಿನ ಒಂದು ತೆಳು ಪದರ ಅಂಟ್ಕೊಂಡಿರತ್ತೆ. ಕಿವಿರಿಲ್ಲದ ಈ ಪ್ರಾಣಿಗೆ ಉಸಿರು ಬರೋದು, ಊಟ ಬರೋದು, ಕಟ್ಟೋ ಸಾಮಾನು ಬರೋದು, ಕಸ ಹೋಗೋದು ಎಲ್ಲಾ ಆ ಪದರ ದಾಟಿಯೇ. ನೀರು ಓಡ್ತಿದ್ರೆ ಪದರ ತೆಳುವಾಗತ್ತೆ, ನಿಂತ್ರೆ ದಪ್ಪ ಆಗತ್ತೆ. ನೀರು ಎಷ್ಟೇ ಒಳ್ಳೇದಿದ್ರೂ ಓಟ ಇಲ್ಲದಿದ್ರೆ ಅದು ಹವಳಕ್ಕೆ ತಲುಪಲ್ಲ.

ಆದ್ರೆ ಪೈಪಿಂದ ಬಿಟ್ಟ ಹಾಗೆ ನೇರ ಒಂದೇ ಕಡೆಯಿಂದ ಹೊಡೀಬಾರ್ದು. ಹ್ಯಾಮರ್ ಥರದ ಹವಳದ ಮಾಂಸದ ಕೆಳಗೆ ಬ್ಲೇಡಿನಂಥ ಚೂಪು ಅಂಚುಗಳಿರ್ತವೆ, ಜೋರು ಹೊಡೆತಕ್ಕೆ ಮಾಂಸ ಅದಕ್ಕೇ ಸಿಕ್ಕಿ ಹರಿಯತ್ತೆ, ಗಾಯಕ್ಕೆ ಸೋಂಕು ತಗುಲಿದ್ರೆ ಕಂದು ಲೋಳೆ ಆಗಿ ಒಂದೆರಡು ದಿನದಲ್ಲಿ ಇಡೀ ತಲೆ, ಅಂದ್ರೆ ಒಂದು ಪೂರ್ತಿ ಪಾಲಿಪ್, ಹೋಗಬಹುದು. ಎಳೆಗಳು ಅಲ್ಲಾಡ್ತಾ ಇರಬೇಕು, ಒಂದೇ ಕಡೆ ವಾಲಿ ನಿಂತಿರಬಾರ್ದು. ಅಕ್ರೊಪೊರಕ್ಕೆ ಮಾತ್ರ ಜೋರಾದ, ದಿಕ್ಕು ಬದಲಾಯಿಸ್ತಾ ಇರೋ ಓಟ ಬೇಕು, ವೇವ್‌ಮೇಕರ್ ಅನ್ನೋ ಅಲೆ ಎಬ್ಬಿಸೋ ಪಂಪ್ ಎರಡು ಎದುರು ಬದುರು ಇಟ್ರೆ ಒಳ್ಳೇದು. ಕರೆಂಟ್ ಹೋದಾಗ್ಲೂ ನೀರು ಅಲ್ಲಾಡ್ತಿರೋಕೆ ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಂಡಿರಿ.

ತೀರಾ ಶುದ್ಧ ನೀರೂ ಸಮಸ್ಯೆ

ನೈಟ್ರೇಟ್, ಫಾಸ್ಫೇಟ್ ಸೊನ್ನೆ ಇದ್ರೆ ಒಳ್ಳೇದು ಅಂತ ತುಂಬಾ ಜನ ನಂಬಿದಾರೆ. ಒಳಗಿರೋ ಪಾಚಿಗೆ ಗೊಬ್ಬರ ಬೇಕಲ್ವಾ, ಸೊನ್ನೆ ಆದ್ರೆ ಹವಳ ಪೇಲವ ಆಗಿ ಸೊರಗತ್ತೆ, ಅಂಥ ನೀರಲ್ಲೇ ಡೈನೋಸ್ ಅನ್ನೋ ಕಂದು ಲೋಳೆ ಟ್ಯಾಂಕ್ ತುಂಬಾ ಹರಡೋದೂ ಉಂಟು. ಹಂಗಂತ ಏರೋಕೆ ಬಿಟ್ರೆ ಬೇಡದ ಪಾಚಿ ಮುತ್ಕೊಳತ್ತೆ, ಫಾಸ್ಫೇಟ್ ಹೆಚ್ಚಾದ್ರೆ ಕಲ್ಲು ಕಟ್ಟೋ ಕೆಲಸಕ್ಕೇ ಅಡ್ಡಿ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ, ಈ ಮಧ್ಯೆ ಇದ್ರೆ ಸರಿ. ಹ್ಯಾಮರ್, ಡಂಕನ್ ಥರದ್ದಕ್ಕೆ ವಾರಕ್ಕೆ ಒಂದೆರಡು ಸಲ ಮೈಸಿಸ್ ಸೀಗಡಿ ತುಣುಕು ಕೊಟ್ರೆ ಹಿಡ್ಕೊಂಡು ನುಂಗ್ತವೆ, ನೋಡೋಕೇ ಖುಷಿ. ಉಳಿದ ತುಣುಕು ಮಾತ್ರ ಕೊಳೆಯೋಕೆ ಬಿಡಬೇಡಿ.

ತರೋ ಮುಂಚೆ

ಟ್ಯಾಂಕ್ ಹಾಕಿದ ವಾರಕ್ಕೇ ಹವಳ ತರೋದು ಬೇಡ. ಅಮೋನಿಯಾನ ನೈಟ್ರೈಟಾಗಿ, ಅದನ್ನ ನೈಟ್ರೇಟಾಗಿ ಮಾಡೋ ಬ್ಯಾಕ್ಟೀರಿಯಾ ನೆಲೆಯೂರೋಕೇ ನಾಲ್ಕರಿಂದ ಆರು ವಾರ ಬೇಕು. ಎಲ್‌ಪಿಎಸ್‌ಗೆ ಮೂರು ತಿಂಗಳು, ಅಕ್ರೊಪೊರಕ್ಕೆ ಆರು ತಿಂಗಳಿಂದ ಒಂದು ವರ್ಷ ಕಾಯೋದು ಒಳ್ಳೇದು.

ಇನ್ನೊಂದು, ಕಲ್ಲು ಹವಳಗಳೆಲ್ಲಾ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟೀಲಿವೆ, ದೇಶದಿಂದ ದೇಶಕ್ಕೆ ಸಾಗಿಸೋಕೆ ಪರವಾನಗಿ ಬೇಕು, ಜೊತೆಗೆ ಕೆಲವು ದೇಶಗಳಲ್ಲಿ ಇಟ್ಕೊಳ್ಳೋದಕ್ಕೇ ಕಟ್ಟುನಿಟ್ಟಾದ ಕಾನೂನಿದೆ. ನಿಮ್ಮಲ್ಲಿ ಕಾನೂನು ಏನಿದೆ ಅಂತ ತಿಳ್ಕೊಂಡ ಮೇಲೇ ಮುಂದಿನ ಮಾತು. ಅವಕಾಶ ಇರೋ ಕಡೆನೂ ಸಮುದ್ರದಿಂದ ಕಿತ್ತಿದ್ದಕ್ಕಿಂತ ಟ್ಯಾಂಕಲ್ಲೇ ಬೆಳೆಸಿದ ಹವಳದಿಂದ ಕತ್ತರಿಸಿದ ತುಂಡು, ಅಂದ್ರೆ ಫ್ರ್ಯಾಗ್ ತಗೊಳ್ಳಿ. ರೀಫ್‌ಗೆ, ಅಂದ್ರೆ ಸಮುದ್ರದ ಹವಳದ ದಿಬ್ಬಕ್ಕೆ ನಷ್ಟ ಇಲ್ಲ, ಟ್ಯಾಂಕಿನ ಜೀವನಕ್ಕೆ ಅದು ಮೊದಲೇ ಒಗ್ಗಿರತ್ತೆ.

ತಂದ ಕೂಡ್ಲೇ ಕೋರಲ್ ಡಿಪ್ ಅನ್ನೋ ಹುಳ ಕೊಲ್ಲೋ ದ್ರಾವಣದಲ್ಲಿ ಅದ್ದಿ ತೊಳೀಬೇಕು, ಹವಳ ತಿನ್ನೋ ಚಪ್ಪಟೆ ಹುಳು, ಅದರ ಮೊಟ್ಟೆ ಎಲ್ಲಾ ಬುಡದಲ್ಲಿ ಅಡಗಿರ್ತವೆ. ಡಿಪ್‌ಗೆ ಮೊಟ್ಟೆ ಸಾಯಲ್ಲ, ಕಣ್ಣಲ್ಲಿ ನೋಡಿ ಕೆರೆದು ತೆಗೀಬೇಕು. ಆಮೇಲೆ ಅಕ್ಕಪಕ್ಕ ಜಾಗ ಬಿಡಿ. ರಾತ್ರಿ ಹೊತ್ತು ಕೆಲವು ಹವಳಗಳು ಉದ್ದನೆಯ ಕುಟುಕು ಎಳೆಗಳನ್ನ ಚಾಚಿ ಪಕ್ಕದವರನ್ನ ಸುಡ್ತವೆ, ಹ್ಯಾಮರ್ ಸುತ್ತ ಒಂದು ಗೇಣಾದ್ರೂ ಖಾಲಿ ಇರಬೇಕು.

ಆ ಹ್ಯಾಮರ್ ಏನಾಯ್ತು

ಅವರದ್ದು 150 ಲೀಟರ್ ಟ್ಯಾಂಕು. ದಿನಕ್ಕೆ ಅರ್ಧ ಡಿಕೆಹೆಚ್ ಏರಿಸೋಕೆ ಎರಡೂಕಾಲು ಗ್ರಾಂ ಸೋಡಾ, ಅದರ ಜೊತೆಗೆ ಹವಳ ಆ ದಿನ ಬಳಸ್ಕೊಂಡಿದ್ದಕ್ಕೆ ಇನ್ನೊಂದು ಚೂರು. ಐದು ದಿನಕ್ಕೆ 5.5ರಿಂದ 8ಕ್ಕೆ ಬಂತು. ಹವಳವನ್ನ ಆ ಜಾಗದಿಂದ ಅಲುಗಿಸ್ಲಿಲ್ಲ, ಲೈಟ್ ಮುಟ್ಲಿಲ್ಲ, ಬೇರೆ ಔಷಧಿ ಏನೂ ಹಾಕ್ಲಿಲ್ಲ, ಒಂದನ್ನ ಸರಿ ಮಾಡುವಾಗ ಉಳಿದಿದ್ದನ್ನ ಹಾಗೇ ಬಿಟ್ರೆ ತಾನೇ ಯಾವುದರಿಂದ ಸರಿ ಆಯ್ತು ಅಂತ ಗೊತ್ತಾಗೋದು.

ಮೊದಲ ವಾರ ಏನೂ ಬದಲಾವಣೆ ಇಲ್ಲ. ಎರಡನೇ ವಾರ ಎಳೆಗಳು ಅರ್ಧ ಹೊರಗೆ ಬಂದ್ವು. ಬರಿದಾದ ಕಲ್ಲಿನ ಮೇಲೆ ಮಾಂಸ ಪೂರ್ತಿ ವಾಪಸ್ ಬರಲ್ಲ, ಅಲ್ಲಿ ಈಗಾಗ್ಲೇ ನೇರಳೆ ಪಾಚಿ ಹತ್ಕೊಂಡಿದೆ. ಆದ್ರೆ ಉಳಿದ ತಲೇಲಿ ಮೊನ್ನೆ ಅವರು ಕಳ್ಸಿದ ಫೋಟೋದಲ್ಲಿ ಒಂದು ಬಾಯಿ ಇರೋ ಕಡೆ ಎರಡು ಬಾಯಿ ಕಾಣ್ತಿವೆ, ಅಂದ್ರೆ ಆ ಪಾಲಿಪ್ ಎರಡಾಗಿ ಸೀಳ್ತಾ ಇದೆ, ಇನ್ನು ಕೆಲವು ತಿಂಗಳಲ್ಲಿ ಅದರ ಕೆಳಗೆ ಎರಡು ಬೇರೆ ಬೇರೆ ಬಟ್ಟಲು ಇರತ್ತೆ.